‘ಪ್ಯಾಚ್ ಅಪ್’: ತೇಪೆಯೋ, ರಾಜಿಯೋ?

ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ನಾನು ಒಂದು ಪುಟ್ಟ ಪಾಠವನ್ನೇ ಮಾಡಬಯಸುತ್ತೇನೆ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದ ನನಗೂ, ನನ್ನ ವಿದ್ಯಾರ್ಥಿಗಳಿಗೂ ಇಂಗ್ಲಿಷಿನಲ್ಲಿ ಅತ್ಯಂತ ತೊಡಕೆನಿಸಿದ್ದು ‘ಫ್ರೇಸಲ್ ವರ್ಬ್’.

ಒಂದು ಕ್ರಿಯಾಪದಕ್ಕೆ ಅಪ್, ಔಟ್, ಆಫ್ಟರ್ ಮೊದಲಾದ ಕಿರುಪದ ಸೇರಿದೊಡನೆ ಅರ್ಥವೇ ಬೇರೆಯಾಗುತ್ತದೆ. ಇದು ನಮಗೆ ಅಪರಿಚಿತವೇನಲ್ಲ. ‘ನೋಡು’ ಕಣ್ಣಿನ ಕೆಲಸ. ‘ನೋಡಿಕೊಳ್ಳು’ ಎಂದರೆ ಪಾಲನೆ. ‘ಲುಕ್’, ‘ಲುಕ್ ಆಫ್ಟರ್’ ಇವುಗಳ ಸಂಬಂಧವೂ ಹಾಗೆಯೇ.

‘ಪ್ಯಾಚ್’ ಎಂದರೆ ತೇಪೆ. ‘ಪ್ಯಾಚ್ ಅಪ್’ ಎಂದರೆ ಹರಿದುದನ್ನು ತೇಪೆ ಹಾಕಿ ಸರಿಪಡಿಸುವುದು. ಅದರಿಂದಲೇ ಜಗಳ ಬಿಟ್ಟು ಮತ್ತೆ ಕೂಡಿಕೊಳ್ಳುವುದೆಂಬ ಅರ್ಥ ಬಂದಿದೆ. ‘ದಿ ಬ್ರದರ್ಸ್ ಪ್ಯಾಚ್ಡ್ ಅಪ್ ದೇರ್ ಕ್ವಾರಲ್’ ಎಂದರೆ ಅಣ್ಣತಮ್ಮಂದಿರು ರಾಜಿಯಾದರು. ಜಗಳವೆಂಬ ಪದದ ಬದಲು ‘ಇಟ್’ ಬಂದರೆ ಅದು ನಡುವೆಯೇ ನಿಲ್ಲಬೇಕು: ‘ಪ್ಯಾಚ್ ಇಟ್ ಅಪ್’. ‘ಪ್ಯಾಚ್ ಅಪ್ ಇಟ್’ ಎನ್ನುವುದು ತಪ್ಪು. ಯಾರೊಡನೆ ಎಂಬುದನ್ನು ಹೇಳಲು ‘ವಿತ್’ ಸೇರುತ್ತದೆ.

ಇದನ್ನು ‘ತೇಪೆ ಹಚ್ಚಿದರು’ ಎಂದು ಅನುವಾದಿಸಿದರೆ ಅರ್ಥ ಕೆಡುತ್ತದೆ. ಕನ್ನಡದಲ್ಲಿ ತೇಪೆ ಹಚ್ಚುವುದೆಂದರೆ ಲೋಪವನ್ನು ಮುಚ್ಚಿಹಾಕುವುದು. ಇಂಗ್ಲಿಷಿನಲ್ಲಿಯೂ ‘ಸದ್ಯಕ್ಕೆ ಸರಿಯಾಯಿತು’ ಎಂಬ ಛಾಯೆ ಕೆಲವೊಮ್ಮೆ ಉಂಟು. ಆದರೂ ಮುರಿದ ಸ್ನೇಹ ಮರಳಿತೆಂಬುದೇ ಅಲ್ಲಿ ಪ್ರಧಾನ.

‘ಸೆಟ್ಲ್’ ಎಂಬುದರೊಡನೆಯೂ ಇದನ್ನು ಬೆರೆಸಬಾರದು. ವ್ಯಾಜ್ಯವನ್ನು ಮೂರನೆಯವರು ತೀರ್ಮಾನಿಸಿದರೆ ಅದು ‘ಸೆಟ್ಲ್’ ಆಗಬಹುದು. ಮನಸ್ಸುಗಳು ಕೂಡದೆ ‘ಪ್ಯಾಚ್ ಅಪ್’ ಆಗದು. ಮಹದಾಯಿಯ ಉದಾಹರಣೆಯನ್ನೇ ನೋಡೋಣ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಆ ನದಿ ಇಲ್ಲಿ ಮಾಂಡವಿಯಾಗಿ ಪಣಜಿಯ ಬಳಿ ಕಡಲನ್ನು ಸೇರುತ್ತದೆ. 2010ರಲ್ಲಿ ರಚಿತವಾದ ನ್ಯಾಯಮಂಡಳಿಯು 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42, ಗೋವೆಗೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ನೀರನ್ನು ಹಂಚಿತು. 2020ರ ಫೆಬ್ರವರಿಯಲ್ಲಿ ಅದು ರಾಜಪತ್ರದಲ್ಲಿಯೂ ಪ್ರಕಟವಾಯಿತು. ಆದರೂ ರಾಜ್ಯಗಳು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವು. ‘ತೀರು’ ಎಂಬ ಧಾತುವಿನಿಂದ ಬಂದ ತೀರ್ಪು ಹೊರಬಿದ್ದ ಮೇಲೂ ಜಗಳ ತೀರಲಿಲ್ಲ!

ಈ ಭೇದ ಗೋವೆಯ ಕನ್ನಡಿಗರಾದ ನಮಗೆ ಕೇವಲ ವ್ಯಾಕರಣವಲ್ಲ. ನಮ್ಮ ತವರು ನದಿಯ ಮೇಲ್ಭಾಗದಲ್ಲಿದೆ, ಅನ್ನ ಕೆಳಭಾಗದಲ್ಲಿದೆ. ನೀರಿನ ಸುದ್ದಿ ಬಿಸಿಯೇರಿದಾಗಲೆಲ್ಲ ‘ನೀವು ಯಾರ ಕಡೆ?’ ಎಂಬ ಪ್ರಶ್ನೆ ನೆರೆಹೊರೆಯಲ್ಲಿ ನಮಗೆ ಎದುರಾಗುತ್ತದೆ. ನದಿಯ ಪಾಲನ್ನು ನ್ಯಾಯಾಲಯ ನಿರ್ಧರಿಸಲಿ. ಕೊಂಕಣಿ ಮಾತನಾಡುವ ನೆರೆಯವರೊಡನೆ ಮಾತು ಮುರಿದರೆ ಅದನ್ನು ಕೂಡಿಸುವ ಕೆಲಸ ಮಾತ್ರ ನಮ್ಮದೇ. ಅದಕ್ಕೆ ಯಾವ ನ್ಯಾಯಮಂಡಳಿಯೂ ಬಾರದು.

ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳಿಗೆ ಈ ಪದವನ್ನು ಅರ್ಥಸಹಿತ ಕಲಿಸಲಿ. ಶಾಲೆಯು ಶತಮಾನೋತ್ಸವವನ್ನೂ ಕಾಣಲೆಂದು ಹಾರೈಸುತ್ತೇನೆ.