ತಿಥಿ ಮುಗಿದ ಮರುದಿನ

ತಿಥಿಗೆ ಬಂದ ನೆಂಟರು ಬಸ್ಸು, ರೈಲು ಹತ್ತಿ ಹೊರಟುಹೋಗುತ್ತಾರೆ. ಮರುದಿನ ಬೆಳಗಿನ ಜಾವ ಹಸು ಕೂಗುತ್ತದೆ. ಮನೆಯವರು ಹೋದರೆಂದು ಅದಕ್ಕೆ ಯಾರು ಹೇಳಬೇಕು?

ಅಮ್ಮಸಂದ್ರದ ಸುತ್ತಮುತ್ತ ಡೈರಿಗೆ ಹಾಲು ಹಾಕುವ ಸಾಲಿನಲ್ಲಿ ಮೂವತ್ತು, ಮೂವತ್ತೈದು ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಸೋದರಿಯರೂ ನಿಂತಿರುತ್ತಾರೆ. ಒಬ್ಬರ ಮನೆಯವರು ಬೈಕ್ ಅಪಘಾತದಲ್ಲಿ ಹೋದರು, ಇನ್ನೊಬ್ಬರ ಮನೆಯವರು ತೆಂಗಿನ ಮರದಿಂದ ಬಿದ್ದರು, ಮತ್ತೊಬ್ಬರಿಗೆ ಮಲಗಿದಲ್ಲೇ ಎದೆನೋವು ಬಂತು. ನೀವು ಅಂಥವರಾಗಿದ್ದರೆ ಮೊದಲು ಹೇಳಬೇಕಾದದ್ದು ಇದೇ: ಹಸು ಮಾರುವ ಮಾತಿಗೆ ಈಗಲೇ ಒಪ್ಪಬೇಡಿ.

"ಒಬ್ಬಳೇ ಹೆಂಗೆ ನೋಡ್ಕೋತೀಯವ್ವ, ಕೊಟ್ಬಿಡು" ಎಂದು ಹೇಳುವವರು ನಿಮ್ಮ ಮೇಲಿನ ಕನಿಕರಕ್ಕೇ ಹೇಳುತ್ತಿರಬಹುದು. ಆದರೆ ಲೆಕ್ಕ ಹಾಕಿ ನೋಡಿ. ನಮ್ಮದು ತೆಂಗಿನ ಸೀಮೆ. ಕಾಯಿ ಅಟ್ಟ ಸೇರಿ ಹತ್ತು ಹನ್ನೊಂದು ತಿಂಗಳು ಒಣಗಿ ಕೊಬ್ಬರಿಯಾಗಿ, ತಿಪಟೂರಿನ ಮಾರುಕಟ್ಟೆಗೆ ಹೋದ ಮೇಲೆ ದುಡ್ಡು. ಅಲ್ಲಿವರೆಗೆ ಮಕ್ಕಳ ಬಸ್ ಚಾರ್ಜು, ಅತ್ತೆಯ ಮಾತ್ರೆ, ಸಂಘದ ಕಂತು ಕಾಯುವುದಿಲ್ಲ. ಮನೆಗೆ ಮತ್ತೆ ಮತ್ತೆ ಬರುವ ಕಾಸೆಂದರೆ ಹಾಲಿನ ಬಟವಾಡೆ ಒಂದೇ. ನಾಲ್ಕು ಹಸು ನಿಭಾಯಿಸಲು ಆಗದಿದ್ದರೆ ಹಾಲು ಕಡಿಮೆ ಕೊಡುವುದನ್ನು ಕೊಟ್ಟು ಎರಡು ಉಳಿಸಿಕೊಳ್ಳಿ. ಕೊಟ್ಟಿಗೆ ಪೂರಾ ಖಾಲಿಯಾದರೆ ಮತ್ತೆ ತುಂಬಿಸುವುದು ಬಹಳ ಕಷ್ಟ.

ಇನ್ನೊಂದು ಲಾಭವೂ ಇದೆ. ಗಂಡ ಸತ್ತವಳು ಮನೆಯೊಳಗೇ ಇರಬೇಕೆನ್ನುವ ಊರಿನಲ್ಲಿ, ದಿನಕ್ಕೆ ಎರಡು ಸಲ ಹೊರಗೆ ಕರೆದುಕೊಂಡು ಬರುವುದು ಹಾಲಿನ ಕ್ಯಾನು. ಸಾಲಿನಲ್ಲಿ ಯಾರೂ ಮಾತಾಡಿಸದಿದ್ದರೂ ನಾಲ್ಕು ಮುಖ ಕಾಣುತ್ತವೆ.

ಆ ದಿನಗಳಲ್ಲಿ ತಪ್ಪಿಹೋಗುವುದು ಬೆದೆ. ಯಾವ ಹಸು ಯಾವತ್ತು ಬೆದೆಗೆ ಬಂತೆಂಬ ಲೆಕ್ಕ ಎಷ್ಟೋ ಮನೆಗಳಲ್ಲಿ ಯಜಮಾನರ ತಲೆಯಲ್ಲೇ ಇರುತ್ತದೆ. ಒಮ್ಮೆ ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಎರಡು ಮೂರು ಸಲ ತಪ್ಪಿದರೆ ಮುಂದಿನ ವರ್ಷದ ಹಾಲು ಅಷ್ಟು ದಿನ ಹಿಂದಕ್ಕೆ ಹೋದಂತೆ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಇಂಜೆಕ್ಷನ್ ಕೊಡಿಸಿ. ಇದುವರೆಗೆ ಅವರೇ ಕರೆಯುತ್ತಿದ್ದ ಹಸು ನಿಮ್ಮ ಕೈಗೆ ಸೊರ ಬಿಡದೆ ಸತಾಯಿಸಬಹುದು. ಹೊತ್ತು ಬದಲಿಸಬೇಡಿ, ಅರ್ಧಕ್ಕೆ ಬಿಡಬೇಡಿ; ಕೆಚ್ಚಲು ಬಾವು ಬರುವುದು ಆಗಲೇ.

ಇನ್ನು ಡೈರಿಯ ಪುಸ್ತಕ. ಕಸ ಬಾಚುವುದು, ಮೇವು ಕೊಯ್ಯುವುದು, ಹಾಲು ಹಾಕುವುದು ನೀವೇ. ಸದಸ್ಯತ್ವ, ಪಾಸ್‌ಬುಕ್ ಮಾತ್ರ ಅವರ ಹೆಸರಿನಲ್ಲಿ. ಹೀಗಿದ್ದರೆ ಹಾಲಿನ ಹಣವೂ ಸರ್ಕಾರದ ಲೀಟರಿಗೆ ₹5 ಪ್ರೋತ್ಸಾಹಧನವೂ ತೀರಿಕೊಂಡವರ ಖಾತೆಗೇ ಹೋಗಿ ಕೂರುತ್ತವೆ. ಬ್ಯಾಂಕಿಗೆ ಸಾವಿನ ವಿಷಯ ಗೊತ್ತಾದ ಮೇಲೆ ಅಲ್ಲಿಂದ ಸುಲಭವಾಗಿ ತೆಗೆಯಲಾಗದು. ಮೊದಲ ವಾರದಲ್ಲೇ ಕಾರ್ಯದರ್ಶಿಯವರನ್ನು ಕಂಡು ನಿಮ್ಮ ಹೆಸರಿಗೆ ಸದಸ್ಯತ್ವ, ನಿಮ್ಮದೇ ಕೋಡ್, ನಿಮ್ಮದೇ ಖಾತೆ ಮಾಡಿಸಿ. ಹಸುವಿನ ಕಿವಿಯೋಲೆಯ ವಿಮೆಯನ್ನೂ ಬದಲಾಯಿಸಿ. ಸದಸ್ಯರು ತೀರಿಕೊಂಡಾಗ ಸಂಘದಿಂದ, ಒಕ್ಕೂಟದಿಂದ ಏನು ನೆರವಿದೆ ಎಂದು ಬಾಯಿಬಿಟ್ಟು ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ, ಅದು ಭಿಕ್ಷೆಯಲ್ಲ.

ಮರಣ ಪ್ರಮಾಣಪತ್ರಕ್ಕೆ 21 ದಿನದೊಳಗೆ ನೋಂದಾಯಿಸಿದರೆ ಖರ್ಚಿಲ್ಲ. ಉಳಿದೆಲ್ಲ ಕಾಗದಕ್ಕೂ ಅದೇ ಬೇಕು, ನಾಲ್ಕೈದು ಪ್ರತಿ ಇಟ್ಟುಕೊಳ್ಳಿ. ಅವರ ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಮಾಡಿಸಿ ₹436 ಅಥವಾ ₹20 ಕಡಿತವಾಗಿದೆಯೇ ನೋಡಿ. ಮೊದಲನೆಯದು ಜೀವನ್ ಜ್ಯೋತಿ ವಿಮೆ, ಎರಡನೆಯದು ಅಪಘಾತದ ಸುರಕ್ಷಾ ವಿಮೆ. ಒಂದೊಂದಕ್ಕೂ ₹2 ಲಕ್ಷ. ತಮಗೆ ವಿಮೆ ಇತ್ತೆಂದೇ ಗೊತ್ತಿಲ್ಲದ ಮನೆಗಳಿವೆ. ಬಿಪಿಎಲ್ ಕುಟುಂಬವಾದರೆ ರಾಷ್ಟ್ರೀಯ ಕುಟುಂಬ ನೆರವಿನ ₹20,000ಕ್ಕೂ ವಿಧವಾ ವೇತನಕ್ಕೂ ನಾಡಕಚೇರಿಯಲ್ಲಿ ಅರ್ಜಿ ಕೊಡಿ.

ಜಮೀನಿನ ವಿಷಯದಲ್ಲಿ ಮಾತ್ರ ಅವಸರ ಬೇಡ, ಉದಾಸೀನವೂ ಬೇಡ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಬರೆದಿಡದಿದ್ದರೆ, ಅವರ ಪಾಲಿನ ಆಸ್ತಿಯಲ್ಲಿ ಹೆಂಡತಿ, ಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು. ಅತ್ತೆಗೂ ಹಕ್ಕಿದೆ ಎಂಬುದನ್ನು ಮರೆಯಬೇಡಿ. ಅರ್ಧ ಜಗಳ ಅಲ್ಲೇ ಕಡಿಮೆಯಾಗುತ್ತದೆ. ಪೌತಿ ಖಾತೆ ಮಾಡಿಸಿ. ಬೆಂಬಲ ಬೆಲೆಗೆ ಕೊಬ್ಬರಿ ಬಿಡುವಾಗ ರೈತರ ನೋಂದಣಿ ಸಂಖ್ಯೆ ಕೇಳುತ್ತಾರೆ, ಅದಕ್ಕೆ ಪಹಣಿ ಸರಿಯಿರಬೇಕು. ಮಂಡಿಯವರು "ನಿಮ್ಮ ಯಜಮಾನರು ಮುಂಗಡ ತಗೊಂಡಿದ್ರು" ಎಂದರೆ ಬರವಣಿಗೆಯ ಲೆಕ್ಕ ಕೇಳಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಮುಂದೆಂದಾದರೂ ಮರುಮದುವೆಯ ಮನಸ್ಸು ಮಾಡಿದರೆ, ಬಂದ ಪಾಲು ಅದರಿಂದ ಹೋಗುವುದಿಲ್ಲ.

ಹಗಲು ಹೇಗೋ ಕಳೆಯುತ್ತದೆ. ರಾತ್ರಿಯೇ ಕಷ್ಟ. ವಾರಗಟ್ಟಲೆ ನಿದ್ದೆಯಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂದಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮತ್ತೆ, ಕೊಟ್ಟಿಗೆ ಕೆಲಸಕ್ಕೆಂದು ದೊಡ್ಡ ಮಗಳನ್ನು ಶಾಲೆ ಬಿಡಿಸಬೇಡಿ. ಪಕ್ಕದ ಮನೆಯವರೊಂದಿಗೆ ಮುಯ್ಯಾಳು ಮಾಡಿಕೊಳ್ಳಿ: ಅವರು ಊರಿಗೆ ಹೋದಾಗ ನೀವು ಕರೆಯಿರಿ, ನೀವು ಕಚೇರಿಗೆ ಅಲೆಯುವ ದಿನ ಅವರು ಕರೆಯಲಿ.

ಈಗ ಮನೆಯವರು ಚೆನ್ನಾಗಿರುವ ಸೋದರಿಯರಿಗೆ ಒಂದು ಮಾತು. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯಲ್ಲಿ, ನಮ್ಮ ಗಡಿಗೆ ಹತ್ತಿರ, ಹೇರವಾಡ ಎಂಬ ಹಳ್ಳಿಯಿದೆ. ಗಂಡ ಸತ್ತವಳ ಬಳೆ ಒಡೆಯುವುದು, ಕುಂಕುಮ ಅಳಿಸುವುದು ಇನ್ನು ಬೇಡ ಎಂದು 2022ರ ಮೇ ತಿಂಗಳಲ್ಲಿ ಆ ಗ್ರಾಮ ಪಂಚಾಯಿತಿ ಠರಾವು ಮಾಡಿತು. ಅದೇ ತಿಂಗಳು ಅಲ್ಲಿನ ಸರ್ಕಾರ ಬೇರೆ ಪಂಚಾಯಿತಿಗಳಿಗೂ ಆ ದಾರಿ ಹಿಡಿಯಲು ಹೇಳಿತು. ಕುಂಕುಮ ಇಡುವುದು ಬಿಡುವುದು ಆಕೆಯ ಇಷ್ಟ. ಆದರೆ ಅರಿಶಿನ ಕುಂಕುಮದ ತಟ್ಟೆ ಆಕೆಯ ಮುಂದೆ ಬಂದಾಗ ಪಕ್ಕಕ್ಕೆ ತಿರುಗುವುದು ನಮ್ಮ ಕೈ. ಠರಾವು ಪುಸ್ತಕ ಮಹಿಳಾ ಸಂಘಗಳಲ್ಲೂ ಇದೆ. ಮುಂದಿನ ವಾರ್ಷಿಕ ಸಭೆಯಲ್ಲಿ ದೀಪ ಹಚ್ಚಲು ಯಾರನ್ನು ಕರೆಯುತ್ತೀರಿ ಎಂದು ಈ ತಿಂಗಳ ಆಡಳಿತ ಮಂಡಳಿ ಸಭೆಯಲ್ಲೇ ಮಾತಾಡಿ. ಹಾಗೆಯೇ ನಿಮ್ಮ ಮನೆಯ ಹಾಲಿನ ಕೋಡ್ ಯಾರ ಹೆಸರಿನಲ್ಲಿದೆ, ನಾಮಿನಿ ಯಾರು ಎಂದು ನಾಳೆ ಬೆಳಗ್ಗೆ ಡೈರಿಯಲ್ಲಿ ನೋಡಿಕೊಂಡು ಬನ್ನಿ.