ಮೆದುಮರವು ಮಾಡನ್ನು ಹೊರಬಲ್ಲುದೆ?

ಭಟ್ಕಳದ ಬಳಿಯ ಮುಟ್ಟಳ್ಳಿಯಂತಹ ಕರಾವಳಿಯ ಊರುಗಳಲ್ಲಿ ಹೆಂಚಿನ ಮನೆ ಕಟ್ಟುವವರು ಮತ್ತಿ, ಹೊನ್ನೆ, ಹಲಸುಗಳನ್ನೇ ಬಹುಕಾಲದಿಂದ ನಚ್ಚಿಕೊಂಡು ಬಂದಿದ್ದಾರೆ. ಇಂತಹ ಮರ ಬಲಿಯಲು ಹಲವು ದಶಕಗಳು ಬೇಕು. ಕಾಡನ್ನು ಬರಿದು ಮಾಡದೆ ಮಾಡು ಕಟ್ಟಬೇಕಾದರೆ, ತೋಟದಲ್ಲಿ ಬೇಗನೆ ಬೆಳೆಯುವ ಅಗ್ಗದ ಮರಗಳ ಕಡೆಗೆ ನಾವು ನೋಡಬೇಕಾಗುತ್ತದೆ.

ಸಸ್ಯಶಾಸ್ತ್ರದಲ್ಲಿ ಮೆದುಮರವೆಂದರೆ ಪೈನ್, ದೇವದಾರುಗಳಂತಹ ಶಂಕುಧಾರಿಗಳು. ಸುಳ್ಯ, ಪುತ್ತೂರುಗಳ ರಬ್ಬರ್ ಮರವು ಈ ವರ್ಗಕ್ಕೆ ಸೇರಿದುದಲ್ಲ. ಆದರೂ ಬಡಗಿಯ ಕೈಗೆ ಅದು ಮೆದುವೇ. ಸುಮಾರು 25–30 ವರ್ಷ ಹಾಲು ಕೊಟ್ಟ ಮೇಲೆ ಅದನ್ನು ಕಡಿಯುತ್ತಾರೆ. ಅದರಲ್ಲಿ ಪಿಷ್ಟ ಹೆಚ್ಚಾಗಿರುವುದರಿಂದ ಹುಳುವೂ ಬೂಷ್ಟೂ ಬೇಗನೆ ಹತ್ತುತ್ತವೆ. ಆದುದರಿಂದ ಕಡಿದ ಕೆಲವೇ ದಿನಗಳಲ್ಲಿ ಕೊಯ್ದು, ಬೋರಿಕ್ ಆಮ್ಲ ಮತ್ತು ಬೊರಾಕ್ಸ್‌ಗಳ ದ್ರಾವಣವನ್ನು ಅದಕ್ಕೆ ಊಡಿಸಿ ಒಣಗಿಸಬೇಕು. ಈ ಲವಣಗಳು ನೀರಿನಲ್ಲಿ ಕರಗುತ್ತವೆ. ಮಳೆಗೆ ಸಿಕ್ಕರೆ ತೊಳೆದುಹೋಗುತ್ತವೆ. ತೇವಾಂಶವು ನೂರಕ್ಕೆ 20ನ್ನು ಮೀರದಂತೆ ನೋಡಿಕೊಂಡರೆ ಮರವನ್ನು ಕೊಳೆಯಿಸುವ ಶಿಲೀಂಧ್ರಗಳಿಗೆ ಬಾಳುವೆ ಇಲ್ಲ. ಹೀಗಾಗಿ ಇಂತಹ ತೊಲೆಗೆ ಮನೆಯ ಒಳಗಿನ ಒಣ ಜಾಗವೇ ತಕ್ಕುದು.

ಇನ್ನು ಬಲದ ಮಾತು. 10 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ತೊಲೆಯೊಂದನ್ನು ಊಹಿಸೋಣ. ಅಷ್ಟೇ ಮರದಿಂದ 5 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರದ ತೊಲೆಯನ್ನೂ ಮಾಡಬಹುದು. ತೊಲೆಯ ಬಲವು ಎತ್ತರದ ವರ್ಗವನ್ನೂ, ಬಾಗದಿರುವ ಗುಣವು ಎತ್ತರದ ಘನವನ್ನೂ ಅನುಸರಿಸುತ್ತದೆ. ಆದುದರಿಂದ ಎರಡನೆಯ ತೊಲೆಯ ಬಲ ಇಮ್ಮಡಿ. ಬಾಗುವಿಕೆ ಕಾಲುಭಾಗ ಮಾತ್ರ. ಆದರೆ ತೆಳುವಾದ ತೊಲೆ ಪಕ್ಕಕ್ಕೆ ಹೊರಳಬಹುದು. ಅಡ್ಡಪಟ್ಟಿಗಳಿಂದ ಅದನ್ನು ಬಿಗಿಯಬೇಕು.

ಗಂಟುಗಳು ಮತ್ತೊಂದು ಕೊರತೆ. ಗಂಟಿನ ಸುತ್ತ ನಾರುಗಳು ಓರೆಯಾಗುವುದರಿಂದ ಎಳೆತಕ್ಕೆ ಮರ ಅಲ್ಲಿ ಸೀಳುತ್ತದೆ. ಎರಡು ಗೋಡೆಗಳ ಮೇಲೆ ಕುಳಿತ ತೊಲೆಯ ನಡುವೆ, ಕೆಳ ಅಂಚಿನಲ್ಲಿ, ಎಳೆತ ಹೆಚ್ಚು; ದೊಡ್ಡ ಗಂಟು ಅಲ್ಲಿರಬಾರದು. ದೊಡ್ಡ ಗಂಟುಗಳನ್ನು ಕತ್ತರಿಸಿ ತೆಗೆದು, ತುಂಡುಗಳನ್ನು ಬೆರಳುಗಳಂತೆ ಹೆಣೆದು ಅಂಟಿಸಿ, ಹಲಗೆಗಳನ್ನು ಪದರಪದರವಾಗಿ ಜೋಡಿಸಿದರೆ, ಉಳಿದ ದೋಷಗಳು ಒಂದೆಡೆ ಕೂಡದೆ ಚದರಿಹೋಗುತ್ತವೆ.

ಬೆಂಗಳೂರಿನಲ್ಲಿ 1938ರಲ್ಲಿ ಆರಂಭವಾದ ಅರಣ್ಯ ಸಂಶೋಧನಾ ಪ್ರಯೋಗಾಲಯವು 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಮರಗಳ ಗುಣಪರೀಕ್ಷೆ ಅದರ ಕಾರ್ಯಗಳಲ್ಲೊಂದು. ಭಾರತೀಯ ಮಾನಕ 883 ಕಟ್ಟಡದ ಮರಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಅವು ಎಷ್ಟು ಭಾರ ತಾಳಬಹುದೆಂಬುದಕ್ಕೆ ಮಿತಿ ಹಾಕಿದೆ. ಪರೀಕ್ಷಿಸದ ಮರವನ್ನು ಮಾಡಿಗೇರಿಸಿದರೆ ಕೆಳಗೆ ಮಲಗುವವರಿಗೆ ಅಪಾಯ. ಪರೀಕ್ಷಿಸಿ, ಒಣಗಿಸಿ, ಲೆಕ್ಕವಿಟ್ಟು ಇರಿಸಿದ ತೋಟದ ತೊಲೆಯೊಂದು, ಕಾಡಿನ ಒಂದು ಹೊನ್ನೆಯನ್ನು ಉಳಿಸಬಲ್ಲುದು.