ನಾಳೆ ಓದುತ್ತೇನೆ ಎನ್ನುವ ಮಕ್ಕಳು

ಪೈರು ಒಟ್ಲಿನಲ್ಲಿಯೇ ಬಲಿತುಹೋದರೆ ಏನಾಗುವುದೆಂಬುದು ಭತ್ತ ಬೆಳೆಯುವ ರೈತ ಬಾಂಧವರಿಗೆಲ್ಲ ತಿಳಿದ ವಿಷಯ. ಅಲ್ಪಾವಧಿ ತಳಿಯಾದರೆ 21ರಿಂದ 25 ದಿನದೊಳಗೆ ಕಿತ್ತು ನಾಟಿ ಮಾಡಬೇಕು. 40 ದಿನ ಬಿಟ್ಟು ನೆಟ್ಟರೆ ತೆಂಡೆ ಒಡೆಯುವುದು ಕಡಿಮೆಯಾಗುತ್ತದೆ. ಆಮೇಲೆ ಗೊಬ್ಬರ ಸುರಿದು ಪ್ರಯೋಜನವಿಲ್ಲ. ಗದ್ದೆಯಲ್ಲಿ ದಿನದ ಲೆಕ್ಕ ಇಷ್ಟು ಚೆನ್ನಾಗಿ ಇಡುವ ನಮ್ಮ ಮನೆಗಳಲ್ಲಿಯೇ, ಹತ್ತನೆಯ ತರಗತಿಯ ಹುಡುಗ ಜೂನ್ ತಿಂಗಳಿಂದ "ನಾಳೆ ಓದುತ್ತೇನೆ" ಎನ್ನುತ್ತ ಫೆಬ್ರವರಿಗೆ ಬಂದುಬಿಟ್ಟಿರುತ್ತಾನೆ. ಮನೆಯವರ ಗಮನ ಅತ್ತ ಹರಿಯುವುದು ಆಗಲೇ.

ಬೆಳೆಯ ವಿಚಾರವಾಗಿ ಮನೆಗಳಿಗೆ ಹೋದಾಗ ಈ ದೂರು ನಮಗೆ ಕೇಳಿಬರುತ್ತಲೇ ಇರುತ್ತದೆ. "ಏನು ಮಾಡೋದು ಸ್ವಾಮಿ, ಬರೀ ಸೋಮಾರಿ" ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಅದೇ ಹುಡುಗ ಬೆಳಗಿನ ಜಾವ ಎದ್ದು ಹಾಲು ಕರೆದು ಡೇರಿಗೆ ಹಾಕಿ ಬರುತ್ತಾನೆ, ಸಂಜೆ ಮೇವು ಹೊತ್ತು ತರುತ್ತಾನೆ. ಅವನು ಮುಂದೂಡುವುದು ಗಣಿತವನ್ನೋ ಇಂಗ್ಲಿಷನ್ನೋ ಮಾತ್ರ. ಆ ಪುಸ್ತಕ ತೆರೆದೊಡನೆ, ತನಗೆ ಇದು ಬರುವುದಿಲ್ಲವೆಂಬ ಭಯವೂ ನಾಚಿಕೆಯೂ ಮೇಲೇಳುತ್ತವೆ. ಮುಚ್ಚಿಟ್ಟು ಮೊಬೈಲು ಹಿಡಿದರೆ ಆ ಕ್ಷಣಕ್ಕೆ ನೆಮ್ಮದಿ. ಒಮ್ಮೆ ಪೈರು ಮೇದ ದನ ಮರುದಿನವೂ ಅದೇ ಹೊಲಕ್ಕೆ ನುಗ್ಗುವಂತೆ, ಮನಸ್ಸು ಆ ನೆಮ್ಮದಿಗೇ ಮತ್ತೆ ಮತ್ತೆ ಹೋಗುತ್ತದೆ. ಸಿರೋಯಿ ಮತ್ತು ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು 2013ರಲ್ಲಿ ಬರೆದುದೂ ಇದನ್ನೇ: ಕೆಲಸ ಮುಂದೂಡುವುದು ಸಮಯದ ಲೆಕ್ಕ ತಪ್ಪಿದ್ದರಿಂದಲ್ಲ, ಬೇಸರದ ಭಾವನೆಯಿಂದ ತಪ್ಪಿಸಿಕೊಳ್ಳುವುದಕ್ಕೆ.

ಈ ನೆಮ್ಮದಿ ಸಾಲದ ಹಣದಂಥದು. ಅಮೆರಿಕದ ಟೈಸ್ ಮತ್ತು ಬೌಮೈಸ್ಟರ್ ಎಂಬವರು ಕಾಲೇಜು ವಿದ್ಯಾರ್ಥಿಗಳನ್ನು ಗಮನಿಸಿ 1997ರಲ್ಲಿ ಪ್ರಕಟಿಸಿದ ವರದಿಯಂತೆ, ಮುಂದೂಡುವ ವಿದ್ಯಾರ್ಥಿಗಳು ಅವಧಿಯ ಮೊದಲಲ್ಲಿ ಇತರರಿಗಿಂತ ಹಾಯಾಗಿದ್ದರು. ಕೊನೆಗೆ ಅವರಿಗೇ ಹೆಚ್ಚು ಒತ್ತಡ, ಹೆಚ್ಚು ಕಾಯಿಲೆ, ಕಡಿಮೆ ಅಂಕ. ಸ್ವೀಡನ್ ದೇಶದಲ್ಲಿ 3525 ವಿದ್ಯಾರ್ಥಿಗಳನ್ನು ಒಂಬತ್ತು ತಿಂಗಳ ಕಾಲ ವಿಚಾರಿಸಿ 2023ರಲ್ಲಿ ಹೊರತಂದ ಅಧ್ಯಯನವೂ, ಮುಂದೂಡುವ ಅಭ್ಯಾಸವಿದ್ದವರಲ್ಲಿ ಮುಂದೆ ಖಿನ್ನತೆ, ಆತಂಕ, ನಿದ್ರೆಯ ತೊಂದರೆ ತುಸು ಹೆಚ್ಚೆಂದು ಕಂಡುಕೊಂಡಿತು. ವ್ಯತ್ಯಾಸ ದೊಡ್ಡದೇನಲ್ಲ, ಆದರೆ ಕಡೆಗಣಿಸುವಂಥದೂ ಅಲ್ಲ.

ನಮ್ಮಲ್ಲಿ ಇದು ಹೊಟ್ಟೆನೋವಿನ ರೂಪದಲ್ಲಿಯೂ ಬರುವುದುಂಟು. ಪರೀಕ್ಷೆ ಹತ್ತಿರವಾದಂತೆ ಊಟ ಸೇರದು, ತಲೆನೋವು, ಸಣ್ಣ ಮಾತಿಗೂ ಸಿಡುಕು. ಮಕ್ಕಳು ನಟಿಸುತ್ತಿದ್ದಾರೆಂದು ತಿಳಿಯಬಾರದು. ಭಯದಿಂದ ಹೊಟ್ಟೆ ನಿಜವಾಗಿಯೂ ಕೆಡುತ್ತದೆ. ಕೊನೆಯ ವಾರ ಚಹಾ ಕುಡಿದು ರಾತ್ರಿಯೆಲ್ಲ ಓದುವುದಂತೂ ನಷ್ಟದ ಬಾಬು. ಓದಿದ್ದು ನೆನಪಿನಲ್ಲಿ ನೆಲೆಯಾಗುವುದಕ್ಕೆ ನಿದ್ರೆ ಬೇಕು. ಈ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಅಗತ್ಯ. ಒಂದೇ ದಿನ ಹಲವು ಬಾರಿ ಓದುವುದಕ್ಕಿಂತ ಕೆಲವು ದಿನಗಳಿಗೆ ಹಂಚಿ ಓದಿದರೆ ಕಡಿಮೆ ಶ್ರಮದಲ್ಲಿ ನೆನಪುಳಿಯುತ್ತದೆಂದು ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲಿಯೇ ತನ್ನ ಮೇಲೆ ಪ್ರಯೋಗ ಮಾಡಿ ತೋರಿಸಿದ್ದನು.

ಇಲ್ಲಿ ಹೆಣ್ಣುಮಕ್ಕಳ ವಿಷಯ ಬೇರೆಯಾಗಿ ಹೇಳಬೇಕು. ಶಾಲೆಯಿಂದ ಬಂದವಳು ಕಸ ಗುಡಿಸಿ, ನೀರು ತಂದು, ಪಾತ್ರೆ ತೊಳೆದು, ತಮ್ಮನನ್ನು ನೋಡಿಕೊಂಡು, ಒಂಬತ್ತು ಗಂಟೆಗೆ ಪುಸ್ತಕ ಹಿಡಿದು ತೂಕಡಿಸಿದರೆ ಅವಳು ಓದನ್ನು ಮುಂದೂಡಿದಳೆನ್ನಲಾಗದು. ಮುಂದೂಡಿದವರು ನಾವು. ಮನೆಯ ಕೆಲಸವನ್ನು ಅಣ್ಣತಮ್ಮಂದಿರಿಗೂ ಹಂಚಿ, ಸಂಜೆ ಒಂದೂವರೆ ಗಂಟೆ ಅವಳಿಗೆ ಬಿಟ್ಟುಕೊಡತಕ್ಕದ್ದು. ಇದಕ್ಕೆ ಯಾವ ಯೋಜನೆಯ ಮಂಜೂರಾತಿಯೂ ಬೇಕಿಲ್ಲ.

ವಿದ್ಯಾರ್ಥಿಮಿತ್ರರು "ಇಂದು ಗಣಿತ ಓದುತ್ತೇನೆ" ಎಂದು ಹೊರಡಬಾರದು. ಅದು ಹತ್ತು ಎಕರೆ ಕಳೆಯನ್ನು ಒಬ್ಬನೇ ಕೀಳಲು ಹೊರಟಂತೆ; ನೋಡಿಯೇ ಕೈಕಾಲು ಸೋಲುತ್ತದೆ. "ಏಳು ಗಂಟೆಗೆ, ಜಗಲಿಯ ಮೇಲೆ ಕುಳಿತು, ಸಮಾಂತರ ಶ್ರೇಢಿಯ ಎರಡು ಲೆಕ್ಕ" ಎಂದು ಹೊತ್ತು, ಜಾಗ, ಕೆಲಸ ಮೂರನ್ನೂ ಗೊತ್ತುಮಾಡಿಕೊಳ್ಳಬೇಕು. ಆ ಹೊತ್ತಿನಲ್ಲಿ ಮೊಬೈಲು ತಾಯಿಯ ಬಳಿ ಇರಲಿ. ತಂದೆಯ ಬಳಿ ಇದ್ದರೂ ಆದೀತು, ಆದರೆ ಅವರು ಎದುರಿಗೇ ಕುಳಿತು ವಿಡಿಯೋ ನೋಡಬಾರದಷ್ಟೇ. ಎರಡು ಲೆಕ್ಕವಾದ ಮೇಲೆ ಮೂರನೆಯದನ್ನು ಮಾಡಬೇಕೆಂಬ ಬಲವಂತವಿಲ್ಲ. ಅನೇಕರು ತಾವಾಗಿಯೇ ಮಾಡುತ್ತಾರೆ. ತಿಳಿಯದ ಲೆಕ್ಕಕ್ಕೆ ಗುರುತು ಹಾಕಿ ಮರುದಿನ ಮೇಷ್ಟರನ್ನು ಕೇಳಬೇಕು.

ಕಳೆದ ತಿಂಗಳುಗಳನ್ನು ಎತ್ತಿ ಆಡುವುದನ್ನು ಹಿರಿಯರು ನಿಲ್ಲಿಸುವುದು ಒಳಿತು. ಕೆನಡಾದಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕಾಗಿ ತಮ್ಮನ್ನು ತಾವೇ ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈಗುಳದಿಂದ ಪುಸ್ತಕದ ಮೇಲಿನ ಭಯವೇ ಬೆಳೆಯುತ್ತದೆ. ಎಸ್.ಎಸ್.ಎಲ್.ಸಿ.ಯಲ್ಲಿ ಒಂದು ವಿಷಯ ಹೋದರೆ ಅದೇ ವರ್ಷ ಮತ್ತೆ ಬರೆಯಲು ಅವಕಾಶವಿದೆಯೆಂಬುದನ್ನೂ ಮಕ್ಕಳಿಗೆ ಮೊದಲೇ ತಿಳಿಸಿರಬೇಕು.

ಎರಡು ವಾರ ಕಳೆದರೂ ನಿದ್ರೆ ಬಾರದಿದ್ದರೆ, ಮಗು ಮಾತು ಬಿಟ್ಟು ಮೂಲೆ ಸೇರಿದರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ. "ಸತ್ತುಹೋಗುತ್ತೇನೆ" ಎಂಬ ಮಾತು ಒಮ್ಮೆ ಬಂದರೂ ತಡಮಾಡದೆ, ಮಗುವನ್ನು ಒಂಟಿಯಾಗಿ ಬಿಡದೆ, ಕೀಟನಾಶಕದ ಡಬ್ಬಗಳನ್ನು ಬೀಗದೊಳಗಿಟ್ಟು, 14416ಕ್ಕೆ ಫೋನು ಮಾಡಿರಿ. ಇದು ಸರ್ಕಾರದ ಟೆಲಿ-ಮಾನಸ್ ಸೇವೆ; ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ.